ಟೈರಿಗೆ ಹೊದಿಸುತ್ತಿದ್ದ ಹಸಿ ಗೋಣಿಚೀಲ

ಈ ಬೇಸಿಗೆಯಲ್ಲಿ ನೀರಿನ ಮಡಕೆಗೆ ಸುತ್ತಲೆಂದು ಅಟ್ಟದ ಮೇಲಿದ್ದ ಗೋಣಿಚೀಲ ಇಳಿಸಿ ಬಕೆಟ್ಟಿನಲ್ಲಿ ಅದ್ದಿದೆ. ಒಣಗಿದ್ದಾಗ ಏನೂ ಅನಿಸಿರಲಿಲ್ಲ. ತೊಯ್ದ ಕೂಡಲೇ ತೊಗರಿ ಹೊಟ್ಟಿನ ವಾಸನೆ ಎದ್ದಿತು, ಅದರಡಿಯಲ್ಲೆಲ್ಲೋ ಸುಟ್ಟ ರಬ್ಬರಿನದು. ಎದುರು ಮನೆಯ ಕಾಕು ಬಂದು ಪಕ್ಕದಲ್ಲಿ ನಿಂತಂತಾಯಿತು…

ಕಾಕುನ ಯಜಮಾನರು ನಮಗೆಲ್ಲ ಕಾಕಾ; ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಅವರದು ಬೇಳೆಯ ಅಂಗಡಿ. ವಾರವಿಡೀ ತೊಗರಿ, ಕಡಲೆ. ಭಾನುವಾರ ಬಂತೆಂದರೆ ಹಳೆಯ ಸಣ್ಣ ಕಾರು ತೆಗೆದುಕೊಂಡು ಕೊಳಾರದ ಕಡೆಯ ಬಯಲಿಗೆ. ಅಲ್ಲಿ ಆಟೊಕ್ರಾಸ್ ನಡೆಯುತ್ತಿತ್ತು. ಕೆಂಪು ಕೋನ್‌ಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿರುತ್ತಿದ್ದರು; ಒಂದು ಸಲಕ್ಕೆ ಒಂದೇ ಕಾರು ಅವುಗಳ ನಡುವೆ ನುಸುಳಿ ಬರಬೇಕು, ಕೆಡವದೆ, ಬೇಗ. ಭಾಲ್ಕಿಯ ಹುಡುಗರು ಬರುತ್ತಿದ್ದರು, ಔರಾದಿನಿಂದ ಒಬ್ಬ ಮಾಸ್ತರರು. ಅರವತ್ತರ ಹತ್ತಿರದವರೆಂದರೆ ಕಾಕಾ ಒಬ್ಬರೇ.

ಒಬ್ಬಳೇ ಹೆಣ್ಣುಮಗಳು ಅಲ್ಲೇನು ಮಾಡಲಿ ಎಂದು ಕಾಕು ನನ್ನನ್ನೂ ಎಬ್ಬಿಸಿಕೊಂಡು ಹೋಗುತ್ತಿದ್ದರು. ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ನಾನು, ನನ್ನ ಪಕ್ಕ ಅಂಗಡಿಯ ಖಾಲಿ ಚೀಲಗಳು. ಕಾಕಾ ಹೈದರಾಬಾದಿನಿಂದ ತರಿಸಿದ್ದ ಟೈರು ಮೆತ್ತನೆಯ ರಬ್ಬರಿನದು. ನೆಲವನ್ನು ಚೆನ್ನಾಗಿ ಹಿಡಿಯುತ್ತಿತ್ತು, ಆದರೆ ಒಂದೆರಡು ಸುತ್ತಿಗೇ ಕಾದು ಹಿಡಿತ ಬಿಡುತ್ತಿತ್ತು. ಹಾಗಾಗಿ ಸುತ್ತು ಮುಗಿಸಿ ಬಂದ ಕೂಡಲೇ ಕಾಕು ನಾಲ್ಕೂ ಟೈರಿಗೆ ಹಸಿ ಚೀಲ ಹೊದಿಸಿ ತಂಬಿಗೆಯಿಂದ ನೀರು ಹನಿಸುತ್ತಿದ್ದರು. ಹಂಚು ಕಾದಿದೆಯೇ ಎಂದು ನೋಡುವವರಂತೆ ಬೆರಳು ತಾಗಿಸಿ, “ಹೂಂ, ಈಗ ಹೋಗ್ರಿ” ಎನ್ನುತ್ತಿದ್ದರು. ಅವರು ಹಾಗೆನ್ನುವವರೆಗೆ ಕಾಕಾ ಗಾಡಿ ಚಾಲೂ ಮಾಡುತ್ತಿರಲಿಲ್ಲ.

ಆಮೇಲೊಂದು ಚಳಿಗಾಲದಲ್ಲಿ ನಿಯಮ ಬದಲಾಯಿತು. ಮೆತ್ತನೆಯ ಟೈರು ಬಂದ್, ರಸ್ತೆಯಲ್ಲಿ ಓಡಿಸುವ ಗಟ್ಟಿ ಟೈರೇ ಆಗಬೇಕು. ದೂರದಿಂದ ಟೈರು ತರಿಸಬಲ್ಲವರಷ್ಟೇ ಯಾಕೆ ಗೆಲ್ಲಬೇಕು ಎಂಬ ಮಾತು ನ್ಯಾಯದ್ದೇ. ಸಭೆಯಲ್ಲಿ ಅದಕ್ಕೆ ಒಪ್ಪಿ ಮೊದಲು ಕೈ ಎತ್ತಿದವರೂ ಕಾಕಾನೇ.

ಗಟ್ಟಿ ಟೈರಿನ ಸ್ವಭಾವ ತಿರುಗಮುರುಗ. ಅದು ಕೊಂಚ ಕಾದರೇ ನೆಲ ಹಿಡಿಯುವುದು, ತಣ್ಣಗಿದ್ದರೆ ಮೊದಲ ತಿರುವಿನಲ್ಲೇ ಜಾರುವುದು. ಕಾಕಾನಿಗೆ ಮೊದಲ ಭಾನುವಾರವೇ ಇದು ಗೊತ್ತಾಗಿತ್ತು. ಅಷ್ಟರಲ್ಲಿ ಕಾಕು ಚೀಲ ತೋಯಿಸಿಕೊಂಡು ನಿಂತಿದ್ದರು… ಕಾಕಾ ಎಂದಿನಂತೆ ಚೀಲ ಹೊದಿಸಲು ಬಿಟ್ಟರು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ನನ್ನ ಯಜಮಾನರ ಮುಂದೆ ಅಂದಿದ್ದು ಒಳಗೆ ನನಗೂ ಕೇಳಿಸಿತು. “ಆಕಿಗಿ ಹ್ಯಾಂಗ ಹೇಳ್ಲಿ? ಇದೊಂದಕ್ಕಂತ ಅಲ್ಲಿ ತನ ಬರ್ತಾಳ.”

ಆ ಚಳಿಗಾಲವೆಲ್ಲ ಕಾಕಾ ಹಸಿ ಟೈರಿನ ಮೇಲೆ ಜಾರಿದರು, ಕೋನ್ ಕೆಡವಿದರು, ಹಿಂದೆ ಬಿದ್ದರು. ನೀರು ಕಡಿಮೆಯಾಯಿತೇನೋ ಎಂದು ಕಾಕು ಇನ್ನೆರಡು ಚೀಲ ಹೆಚ್ಚಿಗೆ ತಂದರು.

ಒಂದು ದಿನ ಔರಾದಿನ ಮಾಸ್ತರರು ನಗುತ್ತಲೇ ಅಂದರು, “ಕಾಕು, ನಿಮ್ಮ ಪುಣ್ಯಾದಿಂದ ನಾವ್ ಗೆಲ್ಲಲತ್ತೀವ್ರಿ. ಇನ್ನೊಂದು ಕೊಡ ಹಾಕ್ರಿ.” ಕಾಕು ಮೊದಲು ನಕ್ಕರು. ಆಮೇಲೆ ಕಾಕಾನ ಮುಖ ನೋಡಿದರು. ಕಾಕಾ ಗಾಳಿ ನೋಡುವ ನೆವದಲ್ಲಿ ಬಗ್ಗಿದರು. ಕಾಕು ಚೀಲಗಳನ್ನು ಒಂದೊಂದಾಗಿ ಹಿಂಡಿದರು, ಕೊನೆಯದನ್ನು ನೆಲಕ್ಕೆ ಹಾಸಿ ಅದರ ಮೇಲೆ ಕೂತರು.

ಮುಂದಿನ ಭಾನುವಾರ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು. ಅಂದೇ ಕಾಕಾ ಗೆದ್ದರು. ಬಹುಮಾನದ ಕಪ್ ಹಿಡಿದು ಬಂದು ಬಾಗಿಲಲ್ಲಿ ನಿಂತಾಗ ನಾನು ಅಲ್ಲೇ ಕಾಕುನ ಜೊತೆ ಮೆಂತ್ಯ ಸೊಪ್ಪು ಸೋಸುತ್ತಿದ್ದೆ.

“ಟೈರು ಬೆಚ್ಚಗಿದ್ದುವೇನ್ರಿ?” ಎಂದು ಕೇಳಿದರು ಕಾಕು.

“ಹೂಂ.”

“ಛಲೋ ಆತು ಬಿಡ್ರಿ.”

ಕಾಕಾ ಮತ್ತೆ ಬಯಲಿಗೆ ಹೋಗಲಿಲ್ಲ. ಕಾರು ಬೇವಿನ ಮರದಡಿ ನಿಂತೇ ಇತ್ತು, ಮೈತುಂಬ ಎಲೆ. ಒಮ್ಮೆ ಕಾಕು ಅದರ ಕಡೆ ನೋಡುತ್ತ ನನಗೆ ಅಂದರು, “ಕೆಲಸ ಇಲ್ಲಂದ್ರೇನಾತು? ಸುಮ್ನ ಕೂಡಲಕ್ಕ ಬಾ ಅಂದಿದ್ರ ಹೋಗ್ತಿದ್ದೆ. ಕರೀಲೇ ಇಲ್ಲ ನೋಡು.”

ಮರುವರ್ಷ ಜ್ವರ ಬಂದದ್ದೇ ನೆವ, ಕಾಕು ಹೋಗಿಬಿಟ್ಟರು. ಕಾಕಾ ಕಾರು ಮಾರಿ ಸಂತಪುರದ ತಮ್ಮನ ಮನೆ ಸೇರಿದರು. ಹೊರಡುವಾಗ ಈ ಚೀಲಗಳನ್ನು ಮಡಚಿ ನನ್ನ ಕೈಗಿಟ್ಟು, “ಮೊಣಕಾಲ ನೋವು ಅಂದಳವ್ವಾ, ಹ್ಯಾಂಗ ಕರೀಲಿ?” ಎಂದರು. ಕಾಕು ಅಂದದ್ದು ನನ್ನ ಬಾಯಿತನಕ ಬಂತು. ಕಾಕಾ ಬಸ್ಸು ಹಿಡಿಯುವ ಅವಸರದಲ್ಲಿದ್ದರು, ಹೇಳಲಾಗಲಿಲ್ಲ… ಈಗ ಅವರೂ ಇಲ್ಲ.

ಎದುರು ಮನೆಗೆ ಬೇರೆಯವರು ಬಂದಿದ್ದಾರೆ, ಬೇವಿನಡಿಯಲ್ಲಿ ಅವರ ಬೈಕು ನಿಲ್ಲುತ್ತದೆ. ನಾನು ಮಡಕೆಗೆ ಚೀಲ ಸುತ್ತಿ, ತಂಬಿಗೆಯಿಂದ ನೀರು ಹನಿಸಿ, ಮಧ್ಯಾಹ್ನ ಬೆರಳು ತಾಗಿಸಿ ನೋಡಿದೆ. ತಣ್ಣಗಿತ್ತು. ಹೂಂ ಎಂದೆ. “ಈಗ ಹೋಗ್ರಿ” ಎನ್ನಲು ಎದುರಿಗೆ ಯಾರೂ ಇರಲಿಲ್ಲ.