ಸೊಲ್ಲಾಪುರದಿಂದ ಬಂದ ಮ್ಯಾಂಡೋಲಿನ್

ಹೋದ ವಾರ ನಮ್ಮ ಬಾಗೇವಾಡಿಯ ಮನೆಗೆ ಬಡಿಗ ಬಂದು ಹಳೆಯ ಕಪಾಟಿಗೆ ವಾರ್ನೀಸು ಹಚ್ಚಿದ. ಹಚ್ಚಿ ಮುಗಿಸಿ, ಪಕ್ಕದ ಕಿಟಕಿಗೆ ಪರದೆ ಹಾಕಲೆಂದು ಸ್ಪ್ರಿಂಗಿನ ತಂತಿಯೊಂದನ್ನು ಈ ಮೊಳೆಯಿಂದ ಆ ಮೊಳೆಗೆ ಎಳೆಯತೊಡಗಿದ. ನಾನು ಅಲ್ಲೇ ನಿಂತಿದ್ದೆ. ತಂತಿ ಬಿಗಿಯಾಗುತ್ತಿದ್ದಂತೆ ನನ್ನ ಮುಖ ನನ್ನನ್ನು ಕೇಳದೆಯೇ ಗೋಡೆಯ ಕಡೆ ತಿರುಗಿತು. ಕೈ ಕಣ್ಣಿಗೆ ಅಡ್ಡ ಹೋಯಿತು.

"ಯಾಕ್ರೀ ಅವ್ವಾರ, ಇದು ಪರದಾದ ತಂತಿರಿ. ಏನೂ ಆಗೂದಿಲ್ಲ," ಎಂದು ಆತ ನಕ್ಕ.

ನಾನೂ ನಕ್ಕೆ. ಆದರೆ ಕಣ್ಣಿನಿಂದ ಕೈ ತೆಗೆಯಲಿಲ್ಲ. ಹಸಿ ವಾರ್ನೀಸಿನ ವಾಸನೆ, ಬಿಗಿಯುವ ತಂತಿಯ ಕಿರ್ ಎನ್ನುವ ಸದ್ದು... ಇವೆರಡೂ ಒಟ್ಟಿಗೆ ಬಂದರೆ ಇಷ್ಟು ವಯಸ್ಸಾದರೂ ನಾನು ಸಿಂದಗಿಯ ತವರುಮನೆಯ ಪಡಸಾಲೆಯಲ್ಲಿ ಬೆವರುತ್ತ ಕುಳಿತ ಹುಡುಗಿಯೇ. ನನ್ನೆದುರಿಗೆ ಅಕ್ಕೋರು ಇರುತ್ತಾರೆ.

ನಮ್ಮ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುವುದು ರೂಢಿ. ಇವರು ಯಾವ ಶಾಲೆಯಲ್ಲೂ ಕಲಿಸುತ್ತಿರಲಿಲ್ಲ. ನಮ್ಮ ಓಣಿಯ ಕೊನೆಯ ಮನೆಯಲ್ಲಿ ಒಬ್ಬರೇ ಇದ್ದರು. ಅವರ ಗಂಡ ನಾಟಕ ಕಂಪನಿಯೊಂದರಲ್ಲಿ ಹಾರ್ಮೋನಿಯಂ ಪೇಟಿ, ಮ್ಯಾಂಡೋಲಿನ್ ಎಲ್ಲ ಬಾರಿಸುತ್ತ ಊರೂರು ತಿರುಗಿ, ಒಂದು ದಿನ ಕುಳಿತಲ್ಲಿಯೇ ತೀರಿಕೊಂಡಿದ್ದರು. ಅವರ ಮಗ್ಗುಲಲ್ಲಿ ಕುಳಿತು ಕಲಿತದ್ದನ್ನೇ ಅಕ್ಕೋರು ಓಣಿಯ ಹುಡುಗಿಯರಿಗೆ ಕಲಿಸಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದರು. ಅದು ಎಪ್ಪತ್ತರ ದಶಕ. ಕನ್ಯಾ ನೋಡಲು ಬಂದವರ ಮುಂದೆ ಹುಡುಗಿ ಏನಾದರೂ ಹಾಡಬೇಕು, ಇಲ್ಲವೇ ಬಾರಿಸಬೇಕು. ಹೀಗಾಗಿ ಲಗ್ನಕ್ಕೆ ಬಂದ ಹುಡುಗಿಯರಿದ್ದ ಮನೆಗಳಿಗೆಲ್ಲ ಅಕ್ಕೋರು ಬೇಕಾಗಿದ್ದರು. ಆದರೆ ಕನ್ಯಾ ನೋಡುವ ದಿನ, ಲಗ್ನದ ದಿನ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಗಂಡ ಸತ್ತವರು ಅಂಥ ಹೊತ್ತಿನಲ್ಲಿ ಮುಂದೆ ಬರಬಾರದು ಎಂಬುದೂ ಪದ್ಧತಿಯೇ ಆಗಿತ್ತು.

ನಮ್ಮಪ್ಪನದು ಅರಿವೆ ಅಂಗಡಿ. ಮಾಲು ತರಲು ಸೊಲ್ಲಾಪುರಕ್ಕೆ ಹೋದಾಗ ಅಲ್ಲಿ ಯಾರದೋ ಮನೆಯಲ್ಲಿ ಹುಡುಗಿಯೊಬ್ಬಳು ಮ್ಯಾಂಡೋಲಿನ್ ಬಾರಿಸಿದ್ದನ್ನು ಕೇಳಿ ಬಂದರು. ಮುಂದಿನ ಸಲ ಹೋದಾಗ ಒಂದನ್ನು ಕೊಂಡೇ ತಂದರು. ಬಣ್ಣದ ಕಾಗದ ಸುತ್ತಿಸಿಕೊಂಡು, ಇಂಡಿ ಸ್ಟೇಷನ್ನಿನಲ್ಲಿ ಇಳಿದು, ಬಸ್ಸಿನಲ್ಲಿ ಅದನ್ನು ಕೂಸಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದರಂತೆ.

"ಪೇಟಿ ಎಲ್ಲಾರ ಮನ್ಯಾಗೂ ಐತಿ. ನಮ್ಮ ಹುಡುಗಿ ಬ್ಯಾರೇನರ ಬಾರಸಲಿ," ಎಂದರು.

ಅಪ್ಪ ಅರಿವೆಯನ್ನು ಬೆರಳ ತುದಿಯಲ್ಲಿ ಮುಟ್ಟಿ ಅದರ ಜಾತಕ ಹೇಳುತ್ತಿದ್ದರು. ಕಟ್ಟಿಗೆಯ ವಿಷಯದಲ್ಲಿ ಮಾತ್ರ ಹೊಳಪೊಂದನ್ನೇ ನೋಡಿ ಮೋಸ ಹೋಗಿದ್ದರು. ಮ್ಯಾಂಡೋಲಿನ್ ಕನ್ನಡಿಯ ಹಾಗೆ ಮಿಂಚುತ್ತಿತ್ತು. ಹಿಡಿದರೆ ವಾರ್ನೀಸು ಅಂಗೈಗೆ ಅಂಟುತ್ತಿತ್ತು. ಅಕ್ಕೋರು ಬಂದು ಅದನ್ನು ಎತ್ತಿ, ಒಂದು ಕಣ್ಣು ಮುಚ್ಚಿ ಅದರ ಕುತ್ತಿಗೆಯ ಉದ್ದಕ್ಕೂ ನೋಡಿದರು. ಹೊಟ್ಟೆಗೆ ಬೆರಳಿನಿಂದ ಬಡಿದರು. ಹೇಗಿದೆ ಎಂದು ಅಪ್ಪ ಕೇಳಿದಾಗ, "ಬಣ್ಣ ಛಲೋ ಐತ್ರಿ," ಎಂದಷ್ಟೇ ಹೇಳಿದರು. ಅಪ್ಪ ಹಿಗ್ಗಿಹೋದರು.

ಅಪ್ಪ ಅಂಗಡಿಗೆ ಹೋದ ಮೇಲೆ ನನಗೆ ನಿಜ ಹೇಳಿದರು. "ಹಸೀ ಕಟಗಿ ಐತವಾ ಇದು. ಕುತಗಿ ಈಗs ಬಾಗಾಕತ್ತೈತಿ. ಪೂರಾ ಬಿಗದರ ತಡಿಯಂಗಿಲ್ಲ."

"ಹಂಗಾರ ಅಪ್ಪಾಗ ಹೇಳ್ರಿ."

"ನೀ ಹೇಳ್ತೀಯೇನು?"

ಅಪ್ಪನಿಗೆ ಅವರು ತಂದ ವಸ್ತು ಖೊಟ್ಟಿ ಎಂದು ಹೇಳುವ ಧೈರ್ಯ ನಮ್ಮ ಮನೆಯ ಬೆಕ್ಕಿಗೂ ಇರಲಿಲ್ಲ.

ಹಾಗೆ ಕಲಿಕೆ ಶುರುವಾಯಿತು. ನಿಜ ಹೇಳುತ್ತೇನೆ, ನಾನು ಕಲಿತದ್ದು ಸಂಗೀತಕ್ಕಿಂತ ಹೆಚ್ಚಾಗಿ ಹೆದರಿಕೆ. ತಂತಿಗಳು ಹಲಗೆಯಿಂದ ಎಷ್ಟು ಮೇಲೆ ನಿಂತಿದ್ದವೆಂದರೆ ಒತ್ತಿದರೆ ಬೆರಳು ಕೊಯ್ಯುತ್ತಿದ್ದವು. ತಂತಿ ಬಿಗಿಯುವ ಚಾವಿ ತಿರುವಿದರೆ ಒಳಗೆ ಏನೋ ಲಟಲಟ ಎನ್ನುತ್ತಿತ್ತು. ಅಕ್ಕೋರು ತಲೆ ಬಾಚುವ ಹಣಿಗೆಯ ಮುರಿದ ತುಂಡೊಂದನ್ನು ತಿಕ್ಕಿ ನುಣುಪು ಮಾಡಿ ನನ್ನ ಬೆರಳಿಗೆ ಕೊಟ್ಟಿದ್ದರು, ಮೀಟಲು. ಸ್ವರ ಹೇಳಿಕೊಡುವ ಮೊದಲೇ ಒಂದು ಮಾತು ಹೇಳಿಕೊಟ್ಟರು.

"ಚಾವಿ ತಿರುವೂ ಮುಂದ ಮಾರಿ ಹೊಳ್ಳಸಬೇಕು. ತಂತಿ ಕಣ್ಣು ಹುಡಕತೈತಿ."

ಅವರು ಸ್ವತಃ ಹಾಗೆಯೇ ಮಾಡುತ್ತಿದ್ದರು. ಕಿವಿ ವಾದ್ಯದ ಕಡೆ, ಮುಖ ಬಾಗಿಲಿನ ಕಡೆ. ಅವರನ್ನು ನೋಡಿ ನನಗೂ ಹಾಗೆಯೇ ರೂಢಿಯಾಯಿತು.

ಬೇಸಿಗೆಯ ಒಂದು ಮಧ್ಯಾಹ್ನ ಮ್ಯಾಂಡೋಲಿನ್ ಗೋಡೆಗೆ ತೂಗುಹಾಕಿತ್ತು. ಯಾರೂ ಮುಟ್ಟಿರಲಿಲ್ಲ. ನಾವು ಊಟ ಮಾಡಿ ಅಡ್ಡಾಗಿದ್ದೆವು. ಗುಂಡು ಹಾರಿದಂಥ ಸದ್ದಾಯಿತು. ಎದ್ದು ನೋಡಿದರೆ, ತಂತಿಗಳ ತುದಿಯನ್ನು ಹಿಡಿದಿಟ್ಟ ತಗಡು ಬಿರಿದು, ತಂತಿಗಳೆಲ್ಲ ಕೆದರಿಕೊಂಡು ಗೋಡೆಯ ಮೇಲೆ ಇನ್ನೂ ನಡುಗುತ್ತಿದ್ದವು. ಸುಣ್ಣ ಕೆತ್ತಿಹೋಗಿತ್ತು. ಅವ್ವ ಎದೆ ಹಿಡಿದುಕೊಂಡು ಕುಳಿತುಬಿಟ್ಟಳು. ಅಪ್ಪ ಬರುವುದರೊಳಗೆ ಅಕ್ಕೋರು ಬಂದು ತಾಮ್ರದ ತಂತಿಯಿಂದ ತಗಡನ್ನು ಬಿಗಿದು ಕಟ್ಟಿದರು. ಇನ್ನು ಮೇಲೆ ಸಡಿಲವಾಗಿಯೇ ಇಟ್ಟು ಬಾರಿಸು, ಕೆಳಗಿನ ಸ್ವರವಾದರೂ ಚಿಂತೆಯಿಲ್ಲ, ಒಬ್ಬಳೇ ಬಾರಿಸುವಾಗ ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಅಂದಿನಿಂದ ಆ ಗೋಡೆಯ ಕೆಳಗೆ ನಾನು ಮಲಗಲಿಲ್ಲ.

ಅವ್ವನ ಹೆದರಿಕೆ ಬೇರೆಯದು. ಅದಕ್ಕಿಂತ ಮುಂಚೆ ಇಂಡಿಯಿಂದ ಒಬ್ಬರು ನನ್ನನ್ನು ನೋಡಲು ಬಂದಾಗ ಚಹಾದ ಕಪ್ಪು ನನ್ನ ಕೈಯಿಂದ ಜಾರಿ ಒಡೆದಿತ್ತು. ಅವರು ಏನೂ ಅನ್ನಲಿಲ್ಲ. ಆಮೇಲೆ ಸುದ್ದಿಯನ್ನೂ ಕಳಿಸಲಿಲ್ಲ. ಶುಭಕಾರ್ಯಕ್ಕೆ ಬಂದವರ ಮುಂದೆ ಹುಡುಗಿಯ ಕೈಯಲ್ಲಿ ಒಡೆಯುವುದು, ಹರಿಯುವುದು ಅಂದರೆ ಆ ಮನೆ ಒಡೆದ ಹಾಗೆ ಎಂದು ನಂಬಿದ್ದ ಕಾಲ ಅದು. ಇನ್ನೊಂದು ಸಲ ಏನಾದರೂ ಆದರೆ ಈ ಹುಡುಗಿಯ ಕೈಗುಣವೇ ಇಂಥದ್ದು ಎಂಬ ಹೆಸರು ಸುತ್ತಲಿನ ತಾಲೂಕುಗಳಿಗೆಲ್ಲ ಮುಟ್ಟುತ್ತಿತ್ತು. ಆಮೇಲೆ ನಮ್ಮ ಹೊಸ್ತಿಲು ಯಾರೂ ತುಳಿಯುತ್ತಿರಲಿಲ್ಲ. ಮುಂದೆ ನನ್ನನ್ನು ನೋಡಲು ಬಾಗೇವಾಡಿಯವರು ಬರುತ್ತಾರೆ ಎಂದು ಗೊತ್ತಾದಾಗಿನಿಂದ ಅವ್ವ ನನ್ನ ಕೈಗೆ ತಾಟನ್ನೂ ಕೊಡಲಿಲ್ಲ.

ಬಾರಿಸುವುದು ಬೇಡ ಎಂದರೆ ಅಪ್ಪ ಕೇಳಬೇಕಲ್ಲ. ಮ್ಯಾಂಡೋಲಿನ್ ಬಾರಿಸುವ ಹುಡುಗಿ ಎಂದು ಅವರು ಆಗಲೇ ಹೇಳಿ ಕಳಿಸಿದ್ದರು. ಕೊನೆಗೆ ಅವ್ವ, ನನಗೆ ಧೈರ್ಯಕ್ಕಿರಲಿ ಎಂದು ಅಪ್ಪನಿಗೆ ತಿಳಿಸದೆ ಅಕ್ಕೋರನ್ನು ಹಿತ್ತಿಲ ಬಾಗಿಲಿನಿಂದ ಕರೆದು ಅಡುಗೆಮನೆಯಲ್ಲಿ ಕೂಡಿಸಿದಳು.

ಬಾಗೇವಾಡಿಯವರು ಬಂದರು. ಹುಡುಗ, ಅವರ ತಂದೆತಾಯಿ, ಅಜ್ಜಿ, ಸೋದರಮಾವ. ಜಮಖಾನದ ಮೇಲೆ ಕುಳಿತು ಉಪ್ಪಿಟ್ಟು, ಶಿರಾ ತಿಂದರು. ನಾನು ಮ್ಯಾಂಡೋಲಿನ್ ಹಿಡಿದು ಕುಳಿತೆ. ಆಗ ಸೋದರಮಾವ ತಾವು ತಂದಿದ್ದ ದೊಡ್ಡ ಗಂಟನ್ನು ಮುಂದಕ್ಕೆ ಎಳೆದು ಬಿಚ್ಚಿದರು. ಒಳಗೆ ಪೇಟಿ. ಅವರು ಭಜನಾ ಮೇಳದವರು.

"ಕನ್ಯಾದ ಜೋಡಿ ನಾನೂ ಪೇಟಿ ಹಿಡೀತೇನಿ. ರಂಗು ಬರ್ತೈತಿ," ಎಂದರು.

ಅಪ್ಪ ಖುಷಿಯಿಂದ ತಲೆಯಾಡಿಸಿದರು. ಪೇಟಿಯ ಸ್ವರ ಹೊರಟಿತು, ನಾನು ಮೀಟಿದೆ. ಎರಡಕ್ಕೂ ತಾಳೆಯೇ ಇಲ್ಲ. ನಮ್ಮ ಸಡಿಲ ತಂತಿ ಅವರ ಪೇಟಿಯ ಯಾವ ಸ್ವರದ ಮನೆಗೂ ಸೇರದೆ ಎರಡು ಮನೆಗಳ ನಡುವೆ ನಿಂತಿತ್ತು. ಅವರು ಮುಖ ಕಿವುಚಿದರು.

"ಭಾಳ ಇಳದೈತಿ. ನನ್ನ ಬೆರಳಿಗೆ ಪೇಟಿಯ ಬಿಳಿ ಒಂದನೇ ಮನ್ಯಾಗ ರೂಢಿ ಐತ್ರಿ. ಅಷ್ಟಕ್ಕ ಏರಸು ತಂಗಿ."

"ಏರಸವಾ, ಏರಸು. ಸೊಲ್ಲಾಪುರದ ಮಾಲು ಐತ್ರಿ ಅದು," ಎಂದರು ಅಪ್ಪ.

ನಾನು ಚಾವಿಗೆ ಕೈ ಹಚ್ಚಿದೆ. ಒಂದು ಸುತ್ತಿಗೇ ಒಳಗೆ ಲಟ್ ಎಂದಿತು. ಕೈ ಮುಂದಕ್ಕೆ ಹೋಗಲೊಲ್ಲದು. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ... ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಓಡಿಹೋಗಬೇಕು ಅನಿಸಿತು.

ಆಗ ಅವ್ವನನ್ನು ಸರಿಸಿ ಅಕ್ಕೋರು ಹೊರಗೆ ಬಂದರು. ಹಣೆ ಬರಿದು, ಕೈ ಬರಿದು. ಬಂದವರ ಮುಖ ಬಿಗಿದುಕೊಂಡವು. ಅಪ್ಪ ಎದ್ದೇ ನಿಂತರು. ಅಕ್ಕೋರು ಯಾರ ಕಡೆಗೂ ನೋಡದೆ ನನ್ನೆದುರು ಜಮಖಾನದಿಂದ ದೂರ, ಬರಿ ನೆಲದ ಮೇಲೆ ಕುಳಿತು ಕೈ ಚಾಚಿದರು.

"ಕೊಡವಾ ಇಲ್ಲೆ. ಕಲಿಸಿದಾಕಿ ನಾ ಅದೇನಿ. ಶ್ರುತಿ ಮಾಡಿ ಕೊಡೂದು ನನ್ನ ಕೆಲಸ."

ಅವರು ಚಾವಿ ತಿರುವತೊಡಗಿದರು. ಪೇಟಿಯ ಸ್ವರ ನಿಂತೇ ಇತ್ತು. ತಂತಿ ಅದರ ಕಡೆಗೆ ಏರುತ್ತಿತ್ತು. ತಾಮ್ರದ ಕಟ್ಟು ಕಿರ್ ಎನ್ನುತ್ತಿತ್ತು. ಅವರು ಮುಖ ಹೊರಳಿಸುತ್ತಾರೆ ಎಂದು ನಾನು ಕಾದೆ. ಹೊರಳಿಸಲಿಲ್ಲ. ಮನೆಯ ಮಾತು ಆಡುವವರ ಹಾಗೆ, ಆ ಅಜ್ಜಿಯ ಕಡೆ ನೋಡುತ್ತ, ನಿಮ್ಮೂರಲ್ಲಿ ಈ ಸಲ ಮಳೆ ಹೇಗೆ ಎಂದು ಕೇಳಿದರು.

ಫಟ್ ಎಂದಿತು.

ತೆಳುವಾದ ತಂತಿ ಹರಿದು ಅವರ ಕಣ್ಣಿನ ಕೆಳಗೆ ಗೆರೆ ಎಳೆದಿತ್ತು. ರಕ್ತ ಬರಲು ಒಂದು ಗಳಿಗೆ ತಡವಾಯಿತು. ಅವರು ಸೆರಗು ಒತ್ತಿಕೊಂಡು ಮ್ಯಾಂಡೋಲಿನ್ನನ್ನು ನನ್ನ ತೊಡೆಯ ಮೇಲೆ ಇಟ್ಟರು.

ಕೊನೆಗೆ ಅಜ್ಜಿ ಮಾತಾಡಿದಳು.

"ಕನ್ಯಾದ ಕೈಯಾಗ ಹರೀಲಿಲ್ಲಲ್ಲ. ಆಕಿ ಕೈಯಾಗ ಹರೀತು. ಇದ್ದ ಪೀಡಾ ಆಕಿ ಮ್ಯಾಲೆ ಹೋತು, ಬಿಡ್ರಿ."

ಎಲ್ಲರ ಮುಖ ಸಡಿಲಾದವು. ನಮ್ಮಪ್ಪನದೂ. ಅಕ್ಕೋರು ಮೆಲ್ಲಗೆ ಎದ್ದು, "ಇನ್ನ ಹೆದರಬ್ಯಾಡ, ಬಾರಸು," ಎಂದು ನನಗಷ್ಟೇ ಕೇಳುವಂತೆ ಹೇಳಿ ಒಳಗೆ ಹೋದರು. ಪೇಟಿಯಿಲ್ಲದೆ, ಉಳಿದ ತಂತಿಗಳ ಮೇಲೆ ನಾನು ಏನು ಬಾರಿಸಿದೆನೋ ದೇವರೇ ಬಲ್ಲ. ಹುಡುಗ ಮೆಚ್ಚಿಕೊಂಡರು. ಮುಂದೆ ಅವರ ಜೊತೆ ಬಾಳುವೆ ಮಾಡಿ ಗೊತ್ತಾದದ್ದು, ಅವರಿಗೆ ಸಂಗೀತವೂ ಒಂದೇ, ಹಿಟ್ಟಿನ ಗಿರಣಿಯ ಸದ್ದೂ ಒಂದೇ.

ನನ್ನ ಲಗ್ನ ಆಯಿತು. ಅಕ್ಕೋರ ಮನೆಗೆ ಕಲಿಯಲು ಹೋಗುವುದನ್ನು ಮಾತ್ರ ಹುಡುಗಿಯರು ಒಬ್ಬೊಬ್ಬರಾಗಿ ಬಿಟ್ಟರು. ಶುಭದ ಹೊತ್ತಿನಲ್ಲಿ ಆಕೆಯ ಕೈಯಲ್ಲಿ ತಂತಿ ಹರಿದಿದೆ, ಪೀಡೆ ಹೊತ್ತವಳ ಹತ್ತಿರ ಮಗಳನ್ನು ಹೇಗೆ ಕಳಿಸುವುದು ಎಂದು ಓಣಿಯ ಮಾತು. ನಾನು ಮೊದಲ ದೀಪಾವಳಿಗೆ ತವರಿಗೆ ಬಂದಾಗ ಆ ಮನೆಗೆ ಬೀಗ ಹಾಕಿತ್ತು. ದೇವಣಗಾಂವದ ತಮ್ಮನ ಮನೆಗೆ ಹೋದರು ಎಂದಳು ಅವ್ವ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಮ್ಯಾಂಡೋಲಿನ್ ಆಗಲೇ ಅಟ್ಟ ಸೇರಿತ್ತು, ಕುತ್ತಿಗೆ ಬಾಗಿ ಬಿಲ್ಲಾಗಿತ್ತು.

ಅದಾಗಿ ಕೆಲವು ವರ್ಷಕ್ಕೆ ಮುದ್ದೇಬಿಹಾಳದ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ಯಾರದೋ ಬಾಣಂತನಕ್ಕೆ ಆಸರೆಯಾಗಿ ಹೊರಟಿದ್ದರು. ಕಣ್ಣಿನ ಕೆಳಗೆ ಬಿಳಿ ಗೆರೆ ಹಾಗೆಯೇ ಇತ್ತು. ನನ್ನ ಮಗಳನ್ನು ಎತ್ತಿಕೊಳ್ಳಲು ಕೈ ಚಾಚಿ, ಮತ್ತೆ ಏನೋ ನೆನಪಾದವರಂತೆ ಹಿಂದಕ್ಕೆ ತೆಗೆದುಕೊಂಡರು. ನಾನೇ ಕೂಸನ್ನು ಅವರ ತೊಡೆಯ ಮೇಲೆ ಕೂಡಿಸಿದೆ. ಆಮೇಲೆ, ಇಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಕೇಳಿದೆ.

"ಅಕ್ಕೋರ, ಅವತ್ತ ಮಾರಿ ಯಾಕ ಹೊಳ್ಳಸಲಿಲ್ಲರಿ?"

ಅವರು ಕೂಸಿನ ಕೂದಲು ಸವರುತ್ತಿದ್ದರು. "ಹೊಳ್ಳಿಸಿದ್ದರ, ಅದು ಹರೀತೈತಿ ಅಂತ ನನಗ ಮೊದಲs ಗೊತ್ತಿತ್ತು ಅಂತ ಅವರಿಗೆ ತಿಳೀತಿತ್ತವಾ. ಮತ್ತ ಅದು ನನ್ನ ಕೈಯಾಗಿನ ಅಪಶಕುನ ಹೆಂಗ ಆಗ್ತಿತ್ತು? ಖೊಟ್ಟಿ ಮಾಲು ತಂದು ಹುಡುಗಿ ತೋರಿಸ್ಯಾರ ಅಂತ ನಿಮ್ಮಪ್ಪನ ಮಾರಿಗೆ ಅಂದು ಎದ್ದು ಹೋಗ್ತಿದ್ದರು."

"ಹೆದರಿಕಿ ಆಗ್ಲಿಲ್ಲೇನ್ರಿ?"

"ಭಾಳ ಆಗಿತ್ತು," ಎಂದರು. ಅಷ್ಟರಲ್ಲಿ ಅವರ ಬಸ್ಸು ಬಂತು.

ಮತ್ತೆ ಅವರನ್ನು ನೋಡಲಿಲ್ಲ. ಎಷ್ಟೋ ವರ್ಷದ ಮೇಲೆ, ಅವರು ತೀರಿಕೊಂಡು ಬಹಳ ದಿನವಾಯಿತು ಎಂದು ಯಾರೋ ಮಾತಿನ ನಡುವೆ ಹೇಳಿದರು. ಅವತ್ತು ಮನೆಯಲ್ಲಿ ಯಾರದೋ ಹುಟ್ಟುಹಬ್ಬ. ಅಳಲಿಕ್ಕೂ ಜಾಗವಿರಲಿಲ್ಲ...

ಬಡಿಗ ಹೋದ ಮೇಲೆ ಪರದೆ ಸ್ವಲ್ಪ ಜೋಲು ಬಿದ್ದಂತೆ ಕಂಡಿತು. ಸ್ಟೂಲು ಹತ್ತಿ, ಆ ತಂತಿಯನ್ನು ಮೊಳೆಯಿಂದ ಬಿಡಿಸಿ ಇನ್ನಷ್ಟು ಬಿಗಿಯಾಗಿ ಎಳೆದೆ. ಈ ಸಲ ಮುಖ ಹೊರಳಿಸಬಾರದು, ಅಕ್ಕೋರ ಹಾಗೆ ನೆಟ್ಟಗೆ ನೋಡಬೇಕು ಎಂದುಕೊಂಡೆ. ಯಾರಿಗೂ ಏನೂ ಮಾಡದ ಪರದೆಯ ತಂತಿ ಅದು. ಆದರೂ ಅದು ಕಿರ್ ಎಂದ ಕೂಡಲೇ ನನ್ನ ಮುಖ ಗೋಡೆಗೆ ತಿರುಗಿತ್ತು.