ಮೂಗಿದ್ದ ಊರಿನಲ್ಲಿ ಬಾಯಿದ್ದ ಮುದುಕಿ

ಹಿಲ್ಮಾ ನೇಸ್‌ಲುಂಡ್ ಕೆಟ್ಟ ಹೆಂಗಸು ಎಂಬ ವಿಷಯದಲ್ಲಿ ನೂರ್‌ವಿಕ್‌ನ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಸ್ವೀಡನ್ನಿನ ಉತ್ತರದ ಈ ಕಡಲತಡಿಯಲ್ಲಿ ಕೆಟ್ಟವರೆನಿಸಿಕೊಳ್ಳಲು ಹೆಚ್ಚು ದುಡಿಯಬೇಕಿಲ್ಲ, ಮನಸ್ಸಿನಲ್ಲಿದ್ದದ್ದನ್ನು ಬಾಯಲ್ಲಿ ಹೇಳಿದರೆ ಸಾಕು. ಪ್ರವಚನ ಮುಗಿದ ಮೇಲೆ ಎಲ್ಲರೂ ಪಾದ್ರಿಯ ಕೈಕುಲುಕಿ ಚೆನ್ನಾಗಿತ್ತು ಎಂದರೆ, ಇವಳು, "ಅರ್ಧಕ್ಕೇ ನಿದ್ದೆ ಬಂತಪ್ಪ, ಮುಂದಿನ ಸಲ ಅಲ್ಲಿಗೇ ನಿಲ್ಸು," ಎನ್ನುವಳು. ಗಂಡ ತೀರಿಕೊಂಡಾಗ ಸಂತಾಪಕ್ಕೆ ಬಂದವರಿಗೆ, "ಬದುಕಿದ್ದಾಗ ಒಬ್ರೂ ಬರ್ಲಿಲ್ಲ, ಈಗ ಕೇಕಿದೆ ಅಂತ ಬಂದ್ರಿ," ಅಂದಿದ್ದಳು. ಅವರು ಬಂದದ್ದು ಕೇಕಿಗೇ. ಆದರೂ ಹಾಗನ್ನಬಾರದಿತ್ತು.

ಅವಳ ಮನೆಯ ಮೆಟ್ಟಿಲು ಹತ್ತುತ್ತಿದ್ದವಳು ತಿರ್ಹಾಸ್ ಒಬ್ಬಳೇ. ಎರಿಟ್ರಿಯಾದಿಂದ ತಪ್ಪಿಸಿಕೊಂಡು ಬಂದವಳು. ಒಂಟಿ ಮುದುಕರ ಮನೆಗಳಿಗೆ ಹೋಗಿ ಮಾತ್ರೆ ಕೊಟ್ಟು, ಕಾಲುಗುರು ಕತ್ತರಿಸಿ ಬರುವುದು ಅವಳ ಉದ್ಯೋಗ. ಹಿಲ್ಮಾಳ ಪಕ್ಕದ ಮನೆಯ ಆಲ್ಗೊಟ್‌ನನ್ನೂ ವಾರಕ್ಕೊಮ್ಮೆ ನೋಡಿಕೊಳ್ಳುತ್ತಿದ್ದಳು. ಆಲ್ಗೊಟ್‌ಗೆ ಕಡಲಿಗೆ ತಾಗಿದ ಜಾಗವಿತ್ತು, ಆ ಜಾಗದ ಮೇಲೆ ಕಣ್ಣಿಟ್ಟ ಪೊಂಟುಸ್ ಎಂಬ ಅಣ್ಣನ ಮಗನೂ ಇದ್ದ. ಬೇಸಿಗೆಗೆ ಮಾತ್ರ ರಾಜಧಾನಿಯಿಂದ ಬರುವ, ಬಂದು ನಮ್ಮ ಗಾಳಿಯನ್ನು ಹೊಗಳುವ ಜಾತಿ.

ಗಾಳಿಯ ಮಾತು ಬಂತು. ಆ ಆಗಸ್ಟಿನ ಮೊದಲ ವಾರದಲ್ಲೇ ಆಲ್ಗೊಟ್‌ನ ಹಿತ್ತಲಿನಿಂದ ನಾತ ಶುರುವಾಯಿತು. ನಮ್ಮ ಹುಳಿಮೀನನ್ನು ತಿಳಿಯದವರಿಗೆ ಹೇಳುತ್ತೇನೆ. ಡಬ್ಬಿಯಲ್ಲಿ ಹುಳಿ ಬಂದು ಡಬ್ಬಿಯೇ ಊದಿಕೊಂಡಿರುವ, ತೆರೆದರೆ ಓಣಿಯೆಲ್ಲ ನಾರುವ ಈ ಮೀನನ್ನು ಆಗಸ್ಟಿನ ಮೂರನೇ ಗುರುವಾರಕ್ಕೆ ಮೊದಲು ಯಾರೂ ತೆರೆಯುವುದಿಲ್ಲ. ತೆರೆಯುವುದಾದರೂ ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು. ಉಳಿದ ಕಟ್ಟಳೆಗಳನ್ನೆಲ್ಲ ಬಿಟ್ಟವರೂ ಇದನ್ನು ಬಿಟ್ಟಿಲ್ಲ.

ಊರಿಗೆ ಊರೇ ಮೂಸಿತು. ಮುದುಕನಿಗೆ ವಯಸ್ಸಾಯಿತು, ದಿನ ಮರೆತು ಡಬ್ಬಿ ತೆಗೆದಿದ್ದಾನೆ, ಪಾಪ, ನಾಚಿಕೆಪಡಿಸುವುದು ಬೇಡ ಎಂದುಕೊಂಡಿತು. ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ಸೌಜನ್ಯ ಎಂದರೆ ನಮ್ಮಲ್ಲಿ ಇದೇ: ನೆರೆಯವನು ಕೊಳೆಯುತ್ತಿದ್ದರೂ ಕಿಟಕಿ ಸದ್ದಾಗದಂತೆ ಮುಚ್ಚುವುದು.

ಹಿಲ್ಮಾಗೆ ಸೌಜನ್ಯವಿರಲಿಲ್ಲ. ಬೈದು ಬರೋಣವೆಂದು ಹೋದಳು. ಹಿತ್ತಲಿನ ದೋಣಿಮನೆಯಲ್ಲಿ, ಮಗುಚಿಟ್ಟ ದೋಣಿಯ ಕೆಳಗೆ ಆಲ್ಗೊಟ್ ಮಲಗಿದ್ದ. ತಲೆ ಒಡೆದಿತ್ತು. ಹಿಲ್ಮಾ ಪೊಲೀಸರಿಗೆ ಫೋನ್ ಮಾಡಿ ಹೇಳಿದ್ದಿಷ್ಟು: "ಆಲ್ಗೊಟ್ ಸತ್ತಿದಾನೆ, ಯಾರೋ ಹೊಡೆದಿದಾರೆ. ಮೀನು ತೆಗೆದಿರ್ಲಿಲ್ಲ. ಸುಮ್ನೆ ಅವನ ಮೇಲೆ ಅನುಮಾನಪಟ್ಟೆ."

ತಿರ್ಹಾಸ್‌ಳನ್ನು ಹಿಡಿದೊಯ್ದರು. ಕೊನೆಯ ಸಲ ಆ ಮನೆಗೆ ಹೋದವಳು ಅವಳು, ಮನೆಯ ಕೀಲಿ ಇದ್ದದ್ದು ಅವಳ ಬಳಿ, ಮತ್ತು ಅವಳು ನಮ್ಮವಳಲ್ಲ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳುವುದು ಸೌಜನ್ಯವಲ್ಲ. ಅಪರಾಧ ಹೊರಿಸಿದರೆ ಅವಳು ಇಲ್ಲಿರುವ ಪರವಾನಗಿ ಹೋಗುತ್ತಿತ್ತು. ಇಲ್ಲಿನ ಶಾಲೆಯಲ್ಲಿ ಓದುವ ಮಗಳನ್ನೂ ಕರೆದುಕೊಂಡು, ಜೀವ ಉಳಿಸಿಕೊಳ್ಳಲು ಬಿಟ್ಟು ಬಂದ ನೆಲಕ್ಕೇ ಮರಳಬೇಕಿತ್ತು.

ವಿಚಾರಣೆಯಲ್ಲಿ ಇನ್ಸ್‌ಪೆಕ್ಟರ್ ಹೆಡ್‌ಲುಂಡ್ ಕೇಳಿದನಂತೆ: "ಅಷ್ಟು ನಾತ ಬರ್ತಿತ್ತು, ಯಾಕೆ ಯಾರಿಗೂ ಹೇಳ್ಲಿಲ್ಲ?"

"ಈ ಊರಿಗೆ ಬಂದ ಹೊಸದ್ರಲ್ಲಿ ಒಂದ್ಸಲ ಹೇಳಿದ್ದೆ ಸಾರ್," ಅಂದಳಂತೆ ತಿರ್ಹಾಸ್. "ಅದು ನಮ್ಮ ಊಟ, ಮೂಗು ಮುಚ್ಕೋಬಾರ್ದು, ನಮಗೆ ಬೇಜಾರಾಗುತ್ತೆ ಅಂತ ಹೇಳ್ಕೊಟ್ರು. ಕಲ್ತುಕೊಂಡೆ."

ಹೆಡ್‌ಲುಂಡ್ ದಕ್ಷಿಣದವನು, ಹುಳಿಮೀನನ್ನು ಕಂಡವನಲ್ಲ. ಊರವರನ್ನು ಇಗರ್ಜಿಯ ಸಭಾಂಗಣಕ್ಕೆ ಕರೆದ. ಕೊಲೆಯ ವಿಚಾರವಾದರೂ ಕಾಫಿಯಿಲ್ಲದೆ ಆಗುವುದಿಲ್ಲ. ಏಲಕ್ಕಿ ಬನ್ನು ಬಂತು. ನಾನು ಆ ದಿನ ಊರಲ್ಲಿರಲಿಲ್ಲ. ಅಲ್ಲಿದ್ದ ಮೂವರು ನನಗೆ ಇದನ್ನು ಬೇರೆಬೇರೆಯಾಗಿ ಹೇಳಿದರು.

ಪೊಂಟುಸ್ ಕಣ್ಣೊರೆಸಿಕೊಂಡು ಎದ್ದ. "ಭಾನುವಾರ ಸಂಜೆ ಚಿಕ್ಕಪ್ಪನ ಅಡುಗೆಮನೇಲಿ ಕೂತಿದ್ವಿ. ನನಗೋಸ್ಕರ ಅಂತಲೇ ಹುಳಿಮೀನಿನ ಡಬ್ಬಿ ತೆಗೆದ್ರು, ಅಲ್ಲೇ ಮೇಜಿನ ಮೇಲೆ. ಅದಕ್ಕೇ ಮೊದಮೊದಲು ಆ ವಾಸನೆ. ನಾನು ಹೊರಟಾಗ ಚೆನ್ನಾಗಿದ್ರು. ಮಾರನೇ ದಿನ ಬಂದವಳು ಅವಳು."

ಮನೆಯೊಳಗೆ, ಅಡುಗೆಮನೆಯಲ್ಲಿ, ಮೂರನೇ ಗುರುವಾರಕ್ಕೆ ಮೊದಲು, ಆಲ್ಗೊಟ್ ಡಬ್ಬಿ ತೆಗೆಯುವುದೇ? ಇದು ಸುಳ್ಳು ಎಂದು ಅಲ್ಲಿದ್ದವರಿಗೆಲ್ಲ ಆ ಕ್ಷಣವೇ ಗೊತ್ತಾಯಿತು. ಎಲ್ಲರೂ ತಂತಮ್ಮ ಕಾಫಿ ಕಲಕತೊಡಗಿದರು. ದುಃಖದಲ್ಲಿರುವ ಮನುಷ್ಯನನ್ನು ನಾಲ್ವರೆದುರು ಸುಳ್ಳುಗಾರ ಎನ್ನುವುದು ಹೇಗೆ? ಒಬ್ಬ ಹೆಂಗಸಿನ ಬದುಕು ಅಲ್ಲಿ ಹೋಗುತ್ತಿತ್ತು. ಯಾರೋ ಬನ್ನಿನ ತಟ್ಟೆ ಮುಂದೆ ಸರಿಸಿದರು.

"ಸುಳ್ಳ," ಅಂದಳು ಹಿಲ್ಮಾ, ಬಾಯಲ್ಲಿ ಬನ್ನಿಟ್ಟುಕೊಂಡೇ.

ಹೆಡ್‌ಲುಂಡ್ ತಿರುಗಿದ. "ಏನಂದ್ರಿ?"

"ಕಿವಿ ಸರಿಯಿಲ್ವಾ ನಿನಗೆ? ಸುಳ್ಳ ಅಂದೆ. ಮೀನನ್ನ ಒಳಗೆ ತೆಗೆಯೋಕೆ ಆಲ್ಗೊಟ್ ಏನು ಹುಚ್ಚನಾ? ಇವರಿಗೂ ಗೊತ್ತು. ನೋಡು ಹೇಗೆ ಕಾಫಿ ಕಲಕ್ತಿದಾರೆ, ತಳ ತೂತಾಗೋ ಹಾಗೆ."

"ಹಿಲ್ಮಾ, ಈಗ ಬೇಡ," ಅಂದ ಪಾದ್ರಿ ಮೆಲ್ಲಗೆ.

"ಮತ್ಯಾವಾಗ? ಆ ಹುಡುಗಿನ ಕಳಿಸಿ ಆದ್ಮೇಲಾ?" ಹಿಲ್ಮಾ ಹೆಡ್‌ಲುಂಡ್‌ನ ಕಡೆ ಬೆರಳು ತೋರಿಸಿದಳು. "ಹೋಗಪ್ಪ, ಅಡುಗೆಮನೆ ಪರದೆ ಮೂಸು. ಒಳಗೆ ಡಬ್ಬಿ ತೆಗೆದಿದ್ರೆ ನಾತ ಕ್ರಿಸ್‌ಮಸ್‌ವರೆಗೂ ಹೋಗಲ್ಲ."

ಸರ್ಕಾರದ ಅಧಿಕಾರಿ ಹೋಗಿ, ಸತ್ತವನ ಉಣ್ಣೆಯ ಪರದೆಯಲ್ಲಿ ಮುಖ ಹುದುಗಿಸಿ ಮೂಸಿದ. ಬರೀ ಹೊಗೆಸೊಪ್ಪಿನ ವಾಸನೆ ಬಂತು. ಊರಿನ ಒಬ್ಬನಿಂದ ಹೊಸ ಡಬ್ಬಿಯೊಂದನ್ನು ಪಡೆದು, ಹೋಲಿಸಿ ನೋಡೋಣವೆಂದು ಅದೇ ಮೇಜಿನ ಮೇಲೆ ತೆರೆದ. ಆಮೇಲೆ ಹೊರಗೆ ಓಡಿಬಂದು ಬೇಲಿ ಹಿಡಿದು ಬಗ್ಗಿ ನಿಂತ. ಸಭಾಂಗಣಕ್ಕೆ ಮರಳಿ ಬಂದವನು ಪೊಂಟುಸ್‌ನ ಪಕ್ಕದಲ್ಲೇ ಕುಳಿತ. ಆ ನಾತವನ್ನು ಹತ್ತಿರದಿಂದ ತಡೆಯಲಾಗದೆಯೋ, ಪಶ್ಚಾತ್ತಾಪದಿಂದಲೋ, ಪೊಂಟುಸ್ ಇನ್ನೊಂದು ಕಪ್ ಕಾಫಿ ಕೇಳಿ, ಕುಡಿದು ಮುಗಿಸಿ, ಚಿಕ್ಕಪ್ಪನಿಗೆ ಹೊಡೆದ ಹುಟ್ಟುಗೋಲನ್ನು ಎಲ್ಲಿ ಎಸೆದೆನೆಂದು ಬಹಳ ಮರ್ಯಾದೆಯಿಂದ ತಿಳಿಸಿದ.

ನನಗೆ ಇದನ್ನೆಲ್ಲ ಹೇಳಿದ ಮೂವರೂ ಕೊನೆಗೆ ಒಂದೇ ಮಾತು ಸೇರಿಸಿದರು: "ನಾನೂ ಹೇಳೋದ್ರಲ್ಲಿದ್ದೆ, ಅಷ್ಟ್ರಲ್ಲಿ ಅವಳು ಹೇಳ್ಬಿಟ್ಲು." ಹೇಳುವುದರಲ್ಲಿದ್ದವರಿಂದಲೇ ಈ ದೇಶ ತುಂಬಿದೆ.

ತಿರ್ಹಾಸ್ ಬಿಡುಗಡೆಯಾಗಿ ಬಂದಳು. ಯಾರೂ ಕ್ಷಮೆ ಕೇಳಲಿಲ್ಲ. ಅವಳ ಬಾಗಿಲಲ್ಲಿ ಕೇಕುಗಳು ಬಂದು ಕೂತವು, ಯಾವುದರ ಮೇಲೂ ಹೆಸರಿರಲಿಲ್ಲ. ಹಿಲ್ಮಾ ಕೇಕು ಕಳಿಸಲಿಲ್ಲ. ಮೂರನೇ ಗುರುವಾರ ಅಂಗಳದಲ್ಲಿ ಎರಡು ಕುರ್ಚಿ ಹಾಕಿ, ಆಲೂಗಡ್ಡೆ, ಈರುಳ್ಳಿ, ತೆಳು ರೊಟ್ಟಿ ಜೋಡಿಸಿ, ಗಾಳಿ ನೋಡಿಕೊಂಡು ಡಬ್ಬಿಗೆ ತೂತು ಹಾಕಿದಳು.

"ಅಜ್ಜಿ," ಅಂದಳು ತಿರ್ಹಾಸ್.

"ನಾನ್ಯಾವಾಗ ನಿನ್ನ ಅಜ್ಜಿ ಆದೆ?"

"ಒಂದು ಮಾತು ಹೇಳ್ಲಾ?"

"ಹೇಳು. ಈ ಊರಲ್ಲಿ ಇನ್ನೊಬ್ಳಾದ್ರೂ ಬಾಯಿಬಿಡ್ಲಿ."

"ನಿಮ್ಮ ಮೀನು ಹೆಣದ ಥರ ನಾರ್ತಿದೆ."

ಹಿಲ್ಮಾ ಒಂದು ರೊಟ್ಟಿಯ ಮೇಲೆ ಈರುಳ್ಳಿ ಉದುರಿಸಿದಳು. "ಇಲ್ಲ," ಅಂದಳು. "ಹೆಣ ಇಷ್ಟು ನಾರಲ್ಲ." ಆಮೇಲೆ ರೊಟ್ಟಿಯ ತಟ್ಟೆಯನ್ನು ಅವಳತ್ತ ತಳ್ಳಿದಳು.