ಗುರುತು ಬೀಳದ ದಾಕು

ಕಳೆದ ವಾರ ಕನಕಪುರದ ಒಂದು ಕ್ಲಿನಿಕ್ಕಿನಲ್ಲಿ ಫ್ಲೂ ಇಂಜೆಕ್ಷನ್ನಿಗೆಂದು ರವಿಕೆಯ ತೋಳು ಮೇಲೇರಿಸಿ ಕೂತಿದ್ದೆ. ಆಯಾ ಬಂದು ನೆಲ ಒರೆಸಿದಳು. ಬ್ಲೀಚಿಂಗ್ ಪುಡಿಯ ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ವಯಸ್ಸಾದವರು ವರ್ಷಕ್ಕೊಮ್ಮೆ ಹಾಕಿಸಿಕೊಳ್ಳಬೇಕೆಂದು ಡಾಕ್ಟರು ಎಷ್ಟು ಸಲ ಹೇಳಿದರೂ ಇಂದು ನಾಳೆ ಎಂದು ತಳ್ಳುತ್ತ ಬಂದವಳು ನಾನು. ಸೂಜಿಗೆ ಹೆದರಿ ಅಲ್ಲ. ಹಾಕಿಸಿಕೊಂಡ ಮೇಲೆ ಏನಾಗುತ್ತದೋ ಎಂದು ಕಾಯುತ್ತ ಕೂರಬೇಕಲ್ಲ, ಅದಕ್ಕೆ. ಆ ಕಾಯುವ ಭಯವನ್ನು ನನಗೆ ಅಂಟಿಸಿ ಹೋದವಳು ಮರಳವಾಡಿಯ ದೊಡ್ಡವ್ವ…

ಆಗ ನಾನು ಅಲ್ಲಿಯ ಶಾಲೆಯಲ್ಲಿ ಟೀಚರಾಗಿದ್ದೆ. ಅವಳ ಮನೆಯ ಒಂದು ಭಾಗದಲ್ಲಿ ಬಾಡಿಗೆಗಿದ್ದೆ. ನೆಂಟಳೇನಲ್ಲ, ಊರೆಲ್ಲ ದೊಡ್ಡವ್ವ ಎನ್ನುತ್ತಿತ್ತು, ನಾನೂ ಅಂದೆ. ಹಿತ್ತಲಲ್ಲಿ ಅವಳ ರೇಷ್ಮೆಹುಳುವಿನ ಮನೆ. ಒಂದು ಬೆಳೆ ಮುಗಿದು ಗೂಡು ಮಾರಿದ ಕೂಡಲೇ ಗೋಡೆ, ನೆಲ, ತಟ್ಟೆ ಎಲ್ಲವನ್ನೂ ಬ್ಲೀಚಿಂಗ್ ನೀರಿನಲ್ಲಿ ತೊಳೆಯುತ್ತಿದ್ದಳು. ಹೊಸ್ತಿಲಲ್ಲಿ ಸುಣ್ಣದ ಪುಡಿ. ಅದನ್ನು ತುಳಿಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಬೇರೆಯವರ ಹುಳುಮನೆ ಹೊಕ್ಕು ಬಂದ ಸ್ವಂತ ತಮ್ಮನನ್ನೇ ಒಮ್ಮೆ ಅಂಗಳದಲ್ಲಿ ನಿಲ್ಲಿಸಿ, ಅಲ್ಲಿಗೇ ಕಾಫಿ ಕೊಟ್ಟು ಕಳಿಸಿದ್ದಳು. ಹುಳುವಿಗೆ ಬರುವ ರೋಗ ಮನುಷ್ಯರ ಕಾಲಿಗೆ ಅಂಟಿಕೊಂಡೇ ಬರುತ್ತದೆಂಬುದು ಅವಳ ಮಾತು.

ಹುಳುವನ್ನು ಇಷ್ಟು ಜೋಪಾನ ಮಾಡುವವಳ ಎದೆಯೇ ಕೆಟ್ಟಿತ್ತು. ಎಪ್ಪತ್ತು ದಾಟಿದ ಜೀವ, ಜೊತೆಗೆ ದಮ್ಮು. ಇನ್ನೊಂದು ಸಲ ಜ್ವರ ಎದೆಗಿಳಿದರೆ ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಆ ವರ್ಷ ಮಳೆಗಾಲಕ್ಕೆ ಮುಂಚೆಯೇ ಶಾಲೆಯ ಮಕ್ಕಳು ಒಬ್ಬೊಬ್ಬರಾಗಿ ಜ್ವರ ಹಿಡಿದು ಮಲಗತೊಡಗಿದಾಗ ನನಗೆ ನಿದ್ದೆ ಬಾರದಾಯಿತು. ನಾನು ಮೊದಲೇ ಹುಟ್ಟಾ ಪುಕ್ಕಲು. ಅವಳ ಮಗನೂ ನಾನೂ ಕಾಡಿ ಬೇಡಿ, ಅವಳನ್ನು ಬಸ್ಸಿಗೆ ಹತ್ತಿಸಿ, ಫ್ಲೂ ಇಂಜೆಕ್ಷನ್ ಹಾಕಿಸಿ ಕರೆತಂದೆವು.

ಮಾರನೆಯ ದಿನದಿಂದ ಶುರುವಾಯಿತು. ಬೆಳಗಾದರೆ ಕಿಟಕಿಯ ಹತ್ತಿರ ನಿಂತು ತೋಳು ನೋಡಿಕೊಳ್ಳುತ್ತಿದ್ದಳು. ಅವಳ ತೋಳಿನಲ್ಲಿ ಚಿಕ್ಕಂದಿನಲ್ಲಿ ಸಿಡುಬಿಗೆ ಹಾಕಿದ ದಾಕಿನ ಗುಂಡನೆಯ ಕಲೆಗಳಿದ್ದವು. ಅವಳ ಕಾಲದಲ್ಲಿ ದಾಕು ಹಾಕಿದ ಕಡೆ ಗುಳ್ಳೆ ಎದ್ದು, ಒಣಗಿ, ಗುರುತು ಬಿದ್ದರೆ ಮಾತ್ರ ಹತ್ತಿತೆಂದು ಅರ್ಥ. ಏಳದಿದ್ದರೆ ಮತ್ತೆ ಹಾಕುತ್ತಿದ್ದರಂತೆ. ಈ ಹೊಸ ದಾಕು ಸೊಳ್ಳೆ ಕಚ್ಚಿದಷ್ಟೂ ಊದಲಿಲ್ಲ.

“ಎದ್ದಿಲ್ಲ ಕಣವ್ವ. ನಂಗೆ ಹತ್ನಿಲ್ಲ ಇದು,” ಎಂದಳು.

ಇದಕ್ಕೆ ಗುಳ್ಳೆ ಏಳುವುದಿಲ್ಲ, ಒಳಗೊಳಗೇ ಕೆಲಸ ಮಾಡುತ್ತದೆ, ಎರಡು ವಾರವಾದರೂ ಬೇಕು ಎಂದು ನಾನು ಪಾಠ ಒಪ್ಪಿಸಿದೆ. “ಒಳಗ್ ಮಾಡೋದ್ನ ಯಾರ್ ಕಂಡವ್ರೆ?” ಎಂದು ಬಾಯಿ ಮುಚ್ಚಿಸಿದಳು.

ಒಂದು ಸಂಜೆ ಶಾಲೆಯಿಂದ ಬಂದರೆ ಅವಳ ಚಾಪೆ, ಹೊದಿಕೆ, ನೀರಿನ ಚೊಂಬು ಯಾವುದೂ ಜಾಗದಲ್ಲಿಲ್ಲ. ದೊಡ್ಡವ್ವ ಹುಳುಮನೆ ಸೇರಿದ್ದಳು! ಬೆಳೆ ಮುಗಿದು, ತೊಳೆದು, ಖಾಲಿ ಬಿಟ್ಟಿದ್ದ ಮನೆ. ಊರಿಗೆಲ್ಲ ರೋಗ ಬಂದರೂ ಅಲ್ಲಿಗೆ ಬಾರದೆಂಬ ನಂಬಿಕೆ. ಹೊಸ್ತಿಲಿಗೆ ಎಂದಿಗಿಂತ ದಪ್ಪಗೆ ಸುಣ್ಣ ಹರಡಿ, ಕಿಟಕಿಗಳನ್ನೆಲ್ಲ ಮುಚ್ಚಿಕೊಂಡಿದ್ದಳು. ನನ್ನನ್ನು ಕಂಡವಳೇ ಕೈ ಅಡ್ಡ ಹಿಡಿದಳು. “ಇಸ್ಕೂಲ್ ಮಕ್ಳತಾವ ಇದ್ದು ಬಂದಿದ್ದೀಯ. ಅಲ್ಲೇ ನಿಂತ್ಕೊ ಟೀಚರಮ್ಮ.”

ನಗು ಬಂತು. ಆದರೆ ಹುಳುವಿಗೆ ಆಗಿಬಂದದ್ದು ದಮ್ಮಿನ ಎದೆಗೆ ಆಗಿಬರಬೇಕಲ್ಲ? ಬ್ಲೀಚಿಂಗ್ ಘಾಟು, ಸುಣ್ಣದ ಧೂಳು, ಗಾಳಿಯಾಡದ ಕೋಣೆ. ಅವಳ ಉಸಿರು ಸಿಳ್ಳೆ ಹಾಕುವುದು ಅಂಗಳಕ್ಕೇ ಕೇಳುತ್ತಿತ್ತು. ಮಗ ಗೋಗರೆದ, ನಾನು ಗದರಿದೆ, ಅವಳು ಕದಲಲಿಲ್ಲ. ಎರಡು ವಾರ ತುಂಬುವ ಮೊದಲೇ ಜ್ವರ ಬಂದೇ ಬಂತು.

ಆಸ್ಪತ್ರೆಯ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. ಡಾಕ್ಟರು ಹೊರಬಂದಾಗ, ಇಂಜೆಕ್ಷನ್ ಹಾಕಿಸಿದ್ದೆವಲ್ಲ ಎಂದೆ, ದೂರು ಹೇಳುವವಳಂತೆ. ಅದರ ಬಲ ಮೈಗೂಡುವ ಮೊದಲೇ ಜ್ವರ ತಗುಲಿರಬಹುದು ಎಂದರು. ಅಲ್ಲದೆ ವಯಸ್ಸಾದ ಮೈಯಲ್ಲಿ ಅದು ಹರೆಯದವರಲ್ಲಿ ಕೂಡುವಷ್ಟು ಕೂಡುವುದಿಲ್ಲವಂತೆ. ಜ್ವರವೇ ಬರಬಾರದು ಎಂದಲ್ಲ, ಬಂದರೂ ಜೀವಕ್ಕೆ ಕುತ್ತಾಗದಿರಲಿ ಎಂದು ಹಾಕುವುದಂತೆ. ಗ್ಯಾರಂಟಿ ಇಲ್ಲವೇ ಎಂದೆ. “ಇಲ್ಲ ಮೇಡಂ. ಹಾಕಿಸದೆ ಇರೋದಕ್ಕಿಂತ ಮೇಲು, ಅಷ್ಟೆ,” ಎಂದರು. ನನ್ನಂಥವಳಿಗೆ ಆ ‘ಅಷ್ಟೆ’ ಸಾಲದು.

ದೊಡ್ಡವ್ವ ಉಳಿದು ಮನೆಗೆ ಬಂದಳು. ಇನ್ನು ಇಂಜೆಕ್ಷನ್ ಹೆಸರೆತ್ತಿದರೆ ಪೊರಕೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಮರುವರ್ಷ ಅದೇ ಕಾಲಕ್ಕೆ, ಕೈಚೀಲ ಹಿಡಿದು ನನ್ನ ಬಾಗಿಲಲ್ಲಿ ತಾನೇ ನಿಂತಿದ್ದಳು.

“ತೊಳುದ್ರೂ ಒಂದೊಂದ್ ಕಿತ ಹುಳ ಹೋಯ್ತವೆ. ಅಂಗಂತ ತೊಳೀದೆ ಮೇಯ್ಸಕಾಯ್ತದಾ? ನಡಿ.”

ಆಮೇಲೆ ವರ್ಷ ವರ್ಷವೂ ಹೋದೆವು. ಜ್ವರ ಬರಲಿಲ್ಲ, ಬಂದರೂ ನಾಲ್ಕು ದಿನ ಮಲಗಿಸಿ ಹೋಯಿತು. ಇಂಜೆಕ್ಷನ್ನಿನಿಂದಲೋ, ಅವಳ ಗಟ್ಟಿ ಜೀವದಿಂದಲೋ, ಯಾರು ಬಲ್ಲರು… ನನಗೆ ಕುದೂರಿಗೆ ವರ್ಗವಾಯಿತು. ಮಗನಿಗೆ ಫೋನು ಮಾಡಿ ನೆನಪಿಸುತ್ತಿದ್ದೆ. ಒಂದು ಮಳೆಗಾಲದಲ್ಲಿ ಅವನೇ ಮಾಡಿದ. ಜ್ವರ ಎದೆಗಿಳಿದು ಅವ್ವ ಹೋಗಿಬಿಟ್ಟಿದ್ದಳು.

“ಈ ವರ್ಸಾನೂ ಹಾಕ್ಸಿದ್ದೆ ಟೀಚರಮ್ಮ. ಮತ್ಯಾಕೆ ಇಂಗಾಯ್ತು?” ಎಂದ. ಅವನಿಗೆ ಕೊಡಲು ನನ್ನ ಹತ್ತಿರ ಇದ್ದದ್ದು ಡಾಕ್ಟರು ಹೇಳಿದ ಆ ‘ಅಷ್ಟೆ’ ಒಂದೇ. ಇಬ್ಬರೂ ಫೋನು ಹಿಡಿದು ಅತ್ತೆವು.

ಈಗ ನನ್ನ ಸರದಿ. ಕ್ಲಿನಿಕ್ಕಿನಿಂದ ಬಂದಾಗಿನಿಂದ ದಿನಾ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ತೋಳು ನೋಡಿಕೊಳ್ಳುತ್ತಿದ್ದೇನೆ. ಮಕ್ಕಳಿಗೆ ವಿಜ್ಞಾನ ಕಲಿಸಿದವಳು ನಾನು. ಗುಳ್ಳೆ ಏಳುವುದಿಲ್ಲವೆಂದು ಚೆನ್ನಾಗಿ ಗೊತ್ತು. ಎದ್ದಿಲ್ಲ ಎಂದು ಹೇಳಿ ಹೆದರಿಸಲು, ಮರುವರ್ಷ ನಡಿ ಎಂದು ಎಬ್ಬಿಸಲು ದೊಡ್ಡವ್ವ ಇಲ್ಲ. ಅವಳಿಲ್ಲದೆ ಈ ಕಾಯುವಿಕೆ ತೀರಾ ಒಂಟಿ.

ಇವತ್ತು ಒಂದು ಸಣ್ಣ ಕೆಮ್ಮು ಬಂತು. ಧೂಳಿಗೆ ಇರಬೇಕು… ಕಿಟಕಿಯನ್ನು ಇನ್ನಷ್ಟು ಅಗಲಕ್ಕೆ ತೆರೆದು, ಇನ್ನೊಂದು ಬರುತ್ತದೇನೋ ಎಂದು ಕಾಯುತ್ತ ನಿಂತೆ.